ಎರಡನೆಯ ಸಹಿ

ಗಂಟಲು ಸರಿಮಾಡಿಕೊಳ್ಳದೆ ಮಾತು ಶುರುಮಾಡುವುದು ಸೇವಾ ಕ್ಲಬ್ಬಿನ ಅಧ್ಯಕ್ಷರ ಜಾಯಮಾನದಲ್ಲೇ ಇರಲಿಲ್ಲ. ಸೋಮವಾರ ಬೆಳಿಗ್ಗೆ ಅಂಗಡಿಯ ಮೆಟ್ಟಿಲ ಮೇಲೆ ಆ ಸದ್ದು ಕೇಳಿಸಿದಾಗಲೇ, ಯಾವುದೋ ಒಲ್ಲದ ಕೆಲಸ ತನ್ನ ಕುತ್ತಿಗೆಗೆ ಬರುತ್ತಿದೆ ಎಂದು ಹೊಲಿಗೆಯಕ್ಕನಿಗೆ ಗೊತ್ತಾಯಿತು. ಮೆಷಿನ್ನಿನ ಮೇಲಿಂದ ಕಾಲು ತೆಗೆದು, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು.

"ಭಾನುವಾರ ಗಾಲಿಯಣ್ಣನ ಸ್ಮರಣೆ ಸಭೆ ಇಟ್ಕೊಂಡಿದ್ದೀವಿ. ಹತ್ತು ನಿಮಿಷ ನೀವು ಮಾತಾಡ್ಬೇಕು."

"ಅಯ್ಯೋ ಸಾರ್, ನನಗೆಲ್ಲಿ ಮಾತು ಬರುತ್ತೆ? ಪರದೆ ಹೊಲಿಯೋದಿದ್ರೆ ಹೇಳಿ, ಇವತ್ತೇ ಹೊಲ್ಕೊಡ್ತೀನಿ."

"ಹದಿನಾರು ವರ್ಷ ಅವರ ಜೊತೆ ಕೆಲಸ ಮಾಡಿದೋರು ನೀವೊಬ್ರೇ. ಗಾಲಿಕುರ್ಚಿ ರಿಪೇರಿ ಮಾಡೋ ನಮ್ಮ ಗಾಲಿಕೋಣೆಗೆ ಅವರ ಹೆಸರಿಡ್ತಿದ್ದೀವಿ, ಫಲಕ ರೆಡಿಯಾಗಿದೆ. ಈಗ ಇಲ್ಲ ಅನ್ಬೇಡಿ."

ಅವಳು ಇಲ್ಲ ಅನ್ನಲಿಲ್ಲ. ಗಾಲಿಯಣ್ಣ ಹೋಗಿ ಎರಡು ವಾರವಾಗಿತ್ತು. ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಎಪ್ಪತ್ತಮೂರು ವರ್ಷ. ಆ ಎರಡು ವಾರದಲ್ಲಿ ಒಂದು ದಿನವೂ ಅಕ್ಕನಿಗೆ ಮನಸಾರೆ ಅಳಲು ಪುರಸತ್ತು ಸಿಕ್ಕಿರಲಿಲ್ಲ. ಶಾಲೆಗಳು ತೆರೆಯುವ ಹೊತ್ತು, ಸಮವಸ್ತ್ರದ ರಾಶಿ ಸೊಂಟದೆತ್ತರ ಬಿದ್ದಿತ್ತು.

ಗಾಲಿಯಣ್ಣ ಕ್ಲಬ್ಬಿಗೆ ಸೇರಿದ ಕತೆಯನ್ನು ಅಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ಹೇಳಿ ನಕ್ಕವರೇ. ಮೂವತ್ತೊಂದು ವರ್ಷದ ಹಿಂದೆ ಅವರು ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಮಾವನ ಕಾಲು ಮುರಿದಿತ್ತೆಂದು ಕ್ಲಬ್ಬಿನಿಂದ ಗಾಲಿಕುರ್ಚಿಯೊಂದನ್ನು ಎರವಲು ತಂದರು. ಕುರ್ಚಿ ಕಿರ್ರೋ ಎಂದು ಬೀದಿಗೆಲ್ಲ ಕೇಳುವಂತೆ ಅರಚುತ್ತಿತ್ತು. ವಾಪಸ್ ಕೊಡುವಾಗ ಅದನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ತಂದರು. ತಂದವರು ಮೂಲೆಯಲ್ಲಿ ಇನ್ನೂ ಆರು ಕುರ್ಚಿಗಳು ಕೈಕಾಲು ಮುರಿದುಕೊಂಡು ಬಿದ್ದಿದ್ದನ್ನು ನೋಡಿದರು. "ಇವನ್ನ ಹೀಗೆ ಬಿಟ್ಟಿದ್ದೀರಲ್ಲ, ನಾಚಿಕೆ ಆಗಲ್ವಾ?" ಎಂದು ಆಗಿನ ಅಧ್ಯಕ್ಷರನ್ನು ಮುಖಕ್ಕೆ ಹೊಡೆದಂತೆ ಕೇಳಿದರು. ಮುಂದಿನ ಶುಕ್ರವಾರ ಸ್ಪ್ಯಾನರ್ ಚೀಲದ ಸಮೇತ ಹಾಜರಾದರು. ಅಲ್ಲಿಂದ ಒಂದು ಶುಕ್ರವಾರವನ್ನೂ ತಪ್ಪಿಸಿದವರಲ್ಲ.

ಕ್ಲಬ್ಬಿನಲ್ಲಿ ಸೇವೆ ಮಾಡುವವರಿಗಿಂತ ಸೇವೆಯ ಫೋಟೋದಲ್ಲಿ ನಿಲ್ಲುವವರು ಹೆಚ್ಚು. ಇದನ್ನು ಹೇಳಿದರೆ ಬೇಜಾರಾಗುವವರಿದ್ದಾರೆ, ಆಗಲಿ. ಗಾಲಿಯಣ್ಣ ಮಾತ್ರ ಫೋಟೋ ಅಂದರೆ ಸ್ಟೋರ್ ರೂಮಿಗೆ ಓಡುತ್ತಿದ್ದರು. ಅವರಿಗೆ ಬೇಕಾಗಿದ್ದು ಕುರ್ಚಿ ಕೇಳಿ ಬಂದವರ ಮನೆಯ ಬಚ್ಚಲ ಬಾಗಿಲ ಅಗಲ. "ನಡುಮನೇಲಿ ಓಡಾಡೋ ಕುರ್ಚಿ ಬಚ್ಚಲಿಗೆ ಹೋಗದಿದ್ರೆ ಅದು ಕುರ್ಚಿಯಲ್ಲ, ಅಲಂಕಾರ" ಎಂದು ಹೊಲಿಗೆಯಕ್ಕನ ಅಂಗಡಿಯಿಂದಲೇ ಟೇಪು ಎತ್ತಿಕೊಂಡು ಹೋಗಿ, ಅಳತೆ ತೆಗೆದು, ಟೇಪು ವಾಪಸ್ ಕೊಡುವುದನ್ನು ಮರೆಯುತ್ತಿದ್ದರು. ಹಾಗೆ ಹೋದ ಟೇಪುಗಳಿಗೆ ಲೆಕ್ಕವಿಲ್ಲ. ಬಲಗೈ ಸ್ವಾಧೀನ ತಪ್ಪಿದ ಸಂಗೀತದ ಟೀಚರೊಬ್ಬರಿಗೆ ಬ್ರೇಕನ್ನು ಎಡಕ್ಕೆ ಕೂರಿಸಿಕೊಟ್ಟು, ಆಕೆ ಅದನ್ನು ತಾನೇ ಎಳೆದು ಬಿಡುವವರೆಗೆ ಆ ಮನೆಯಿಂದ ಕದಲಿರಲಿಲ್ಲ. ಕೊಟ್ಟ ಕುರ್ಚಿಯನ್ನು ತಿರುಗಿ ತರಲೇಬೇಕೆಂಬ ನಿಯಮವನ್ನೂ ತೆಗೆಸಿಹಾಕಿದರು. ನಿಮ್ಮ ಕೆಲಸ ಮುಗಿದರೆ ಪಕ್ಕದಲ್ಲಿ ಯಾರಿಗೆ ಬೇಕೋ ಅವರಿಗೆ ಕೊಡಿ, ಕುರ್ಚಿ ಸುಮ್ಮನೆ ಕೂರಬಾರದು ಎನ್ನುತ್ತಿದ್ದರು.

ಹೊಲಿಗೆಯಕ್ಕನನ್ನು ಅಲ್ಲಿಗೆ ಕರೆತಂದವರೂ ಅವರೇ. ಯಾರದೋ ಕುರ್ಚಿಯ ಹರಿದ ಸೀಟಿಗೆ ಅವಳು ಹಾಕಿದ್ದ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ, ವಿಚಾರಿಸಿಕೊಂಡು ಅಂಗಡಿಗೆ ಬಂದಿದ್ದರು. "ಈ ಹೊಲಿಗೆ ನಿಂದಾ? ಆನೆ ಕೂತ್ರೂ ಬಿಚ್ಚಲ್ಲ. ನಮ್ಮ ಕೋಣೆಗೆ ಬಾ." ಕೆಲವು ತಿಂಗಳಾದ ಮೇಲೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದರು. ಪ್ರತಿ ಕುರ್ಚಿಯ ಹಿಡಿಗೂ ಒಂದು ರಟ್ಟಿನ ಚೀಟಿ. ಅದರಲ್ಲಿ ಎರಡು ಗೆರೆ: ರಿಪೇರಿ ಮಾಡಿದವರು, ಪರೀಕ್ಷಿಸಿದವರು. ಎರಡು ಸಹಿಯಿಲ್ಲದ ಕುರ್ಚಿ ಹೊಸಿಲು ದಾಟುವಂತಿಲ್ಲ. ಅದು ಅವರೇ ಮಾಡಿದ ಕಟ್ಟಳೆ. ಶುಕ್ರವಾರ ಸಂಜೆ ಅವರು ರಿಪೇರಿ ಮುಗಿಸಿ ಸಹಿ ಹಾಕಿ ಹೋಗುವುದು. ಶನಿವಾರ ಬೆಳಿಗ್ಗೆ ಅಕ್ಕ ಬಂದು, ಪ್ರತಿ ನಟ್ಟಿಗೂ ಸ್ಪ್ಯಾನರ್ ಕೊಟ್ಟು ನೋಡಿ, ಕೂತು, ಉರುಳಿಸಿ, ಕೆಳಗಿನ ಗೆರೆಯಲ್ಲಿ ಸಹಿ ಹಾಕುವುದು.

"ನಿಮ್ಮ ಕೆಲಸ ನಾನು ಪರೀಕ್ಷೆ ಮಾಡೋದಾ ಅಣ್ಣ?" ಎಂದು ಅವಳು ಮೊದಲ ದಿನ ನಕ್ಕಿದ್ದಳು.

"ನಗಬೇಡ. ನನ್ನ ತಪ್ಪು ಹಿಡಿಯೋಕೇ ನಿನ್ನ ಕರ್ಕೊಂಡು ಬಂದಿರೋದು."

ಅಲ್ಲಿಯವರೆಗೆ ಅವಳ ಮಾತನ್ನು ಕೇಳಿ ಯಾರೂ ಯಾವ ಕೆಲಸವನ್ನೂ ನಿಲ್ಲಿಸಿದವರಲ್ಲ, ಶುರುಮಾಡಿದವರೂ ಅಲ್ಲ. ಆ ಗೆರೆಯ ಮೇಲೆ ತನ್ನ ಹೆಸರು ಬರೆದ ದಿನ ಮನೆಗೆ ಬಂದು ಕನ್ನಡಿ ನೋಡಿಕೊಂಡಿದ್ದಳು. ಆಮೇಲೆ ವರ್ಷಗಟ್ಟಲೆ ನಟ್ಟಿಗೆ ಸ್ಪ್ಯಾನರ್ ಕೊಟ್ಟಳು. ಒಂದೇ ಒಂದು ನಟ್ಟೂ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಮಂಗಳವಾರ ಮಧ್ಯಾಹ್ನ ಅವಳು ಭಾಷಣಕ್ಕೆ ನಾಲ್ಕು ಸಾಲು ಸಿಗಬಹುದೆಂದು ಗಾಲಿಕೋಣೆಗೆ ಹೋಗಿ, ಹಳೆಯ ರಿಜಿಸ್ಟರು ಬಿಡಿಸಿಕೊಂಡು ಕೂತಿದ್ದಳು. ಆಗ ಒಬ್ಬ ಹೆಂಗಸು ಕುರ್ಚಿಯೊಂದನ್ನು ಹಿಂದಿನ ಗಾಲಿಗಳ ಮೇಲೆ ಎಳೆದುಕೊಂಡು ಬಂದಳು. ಮುಂದಿನ ಪುಟ್ಟ ಗಾಲಿಗಳಲ್ಲಿ ಒಂದು ಅವಳ ಕೈಚೀಲದಲ್ಲಿತ್ತು. ಹಿಂದೆ ಕ್ಷೌರದಂಗಡಿ ಇಟ್ಟಿದ್ದ ಮುದುಕರ ಸೊಸೆ ಅವಳು.

"ತಪ್ಪು ನಮ್ದೇ ಅಕ್ಕ. ಫುಟ್‌ಪಾತ್ ಹತ್ತಿಸುವಾಗ ನಾನೇ ಜೋರಾಗಿ ತಳ್ಳಿಬಿಟ್ಟೆ ಅನ್ಸುತ್ತೆ. ಗಾಲಿ ಕಿತ್ಕೊಂಡು ಹೋಗಿ ಮಾವ ಮುಂದಕ್ಕೆ ಬಿದ್ರು. ಮಣಿಕಟ್ಟು ಮುರಿದಿದೆ."

"ಅಯ್ಯೋ! ಯಾವಾಗ?"

"ಆಗ್ಲೇ ಎಂಟು ದಿನ ಆಯ್ತು. ಗಾಲಿಯಣ್ಣನ ಕುರ್ಚಿ ಹಾಳುಮಾಡಿದ್ವಲ್ಲ, ಯಾವ ಮುಖ ಇಟ್ಕೊಂಡು ಹೋಗ್ತೀಯ ಅಂತ ಮಾವ ತಡೀತಿದ್ರು. ಬೇಜಾರು ಮಾಡ್ಕೋಬೇಡಿ."

ಅವಳು ಹೋದ ಮೇಲೆ ಅಕ್ಕ ನೆಲದ ಮೇಲೆ ಕೂತು ಕುರ್ಚಿಯನ್ನು ಪಕ್ಕಕ್ಕೆ ಮಲಗಿಸಿದಳು. ಇನ್ನೊಂದು ಬದಿಯ ಗಾಲಿ ಇನ್ನೂ ಇತ್ತು. ಅದರ ನಟ್ಟನ್ನು ಸುಮ್ಮನೆ ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಳು. ಉಪ್ಪಿನಕಾಯಿ ಬಾಟಲಿಯ ಮುಚ್ಚಳವಾದರೂ ಅದಕ್ಕಿಂತ ಗಟ್ಟಿ ಇರುತ್ತದೆ. ಚೀಟಿ ನೋಡಿದಳು. ಐದು ತಿಂಗಳ ಹಿಂದಿನ ತಾರೀಖು. ಮೇಲೆ ಅವರ ಸಹಿ, ಕೆಳಗೆ ಅವಳದು.

ಎದ್ದು, ಗೋಡೆ ಬದಿಗೆ ಸಾಲಾಗಿ ನಿಲ್ಲಿಸಿದ್ದ, ಕೊಡಲು ಸಿದ್ಧವಾಗಿದ್ದ ಹನ್ನೊಂದು ಕುರ್ಚಿಗಳನ್ನು ಒಂದೊಂದಾಗಿ ನೋಡಿದಳು. ಏಳರಲ್ಲಿ ನಟ್ಟು ಬೆರಳಿಗೇ ತಿರುಗಿತು. ಹನ್ನೊಂದರಲ್ಲೂ ಅವಳ ಸಹಿ ಇತ್ತು.

ಏಕೆ ಇತ್ತೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಎರಡು ವರ್ಷದಿಂದ ಅವಳು ಕುರ್ಚಿ ಮುಟ್ಟಿರಲಿಲ್ಲ. ಶನಿವಾರ ಬರುವುದು, ಹೊಲಿದ ಸೀಟುಗಳನ್ನು ಇಡುವುದು, ಸಾಲಾಗಿ ತೂಗುವ ಚೀಟಿಗಳ ಮೇಲೆ ನಿಂತ ನಿಲುವಿನಲ್ಲೇ ಸಹಿ ಗೀಚುವುದು, ಅಂಗಡಿಗೆ ಓಡುವುದು. ಗಾಲಿಯಣ್ಣನ ನಟ್ಟನ್ನು ಪರೀಕ್ಷೆ ಮಾಡುವುದೆಂದರೆ ಸೂರ್ಯ ಹುಟ್ಟಿದನೋ ಇಲ್ಲವೋ ಎಂದು ದಿನಾ ಎದ್ದು ನೋಡಿದ ಹಾಗೆ ಎಂದುಕೊಂಡಿದ್ದಳು. ಸೋಮಾರಿತನವೆಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಅದು ತಾನು ಅವರಿಗೆ ಕೊಡುವ ಗೌರವವೆಂದೇ ತಿಳಿದಿದ್ದಳು.

ಬುಧವಾರ ಅವಳು ಗಾಲಿಯಣ್ಣನ ಹೆಂಡತಿಯನ್ನು ನೋಡಲು ಹೋದಳು. ಅಣ್ಣನ ಹೆಂಡತಿಯಾದ್ದರಿಂದ ಅವಳಿಗೆ ಆಕೆ ಅತ್ತಿಗೆ. ಅತ್ತಿಗೆ ಅಡುಗೆಮನೆಯ ಮೇಜಿನ ಮೇಲೆ ಗಂಡನ ಶರ್ಟುಗಳನ್ನು ಹರಡಿಕೊಂಡು, ಯಾರಿಗೆ ಯಾವುದು ಆಗುತ್ತದೆ ಎಂದು ನೋಡುತ್ತಿದ್ದರು.

"ಅತ್ತಿಗೆ, ಒಂದು ಕುರ್ಚಿ ಗಾಲಿ ಬಿಚ್ಕೊಂಡಿದೆ. ನಟ್ಟು ಸಡಿಲ ಇತ್ತು," ಎಂದಳು ಅಕ್ಕ. ಒಂದೇ ಎಂದಳು. ಇನ್ನೂ ಏಳಿವೆ ಎನ್ನಲು ಬಾಯಿ ಬರಲಿಲ್ಲ. ತನ್ನ ಸಹಿಯ ಮಾತಂತೂ ನಾಲಿಗೆಯ ತುದಿಗೂ ಬರಲಿಲ್ಲ.

ಅತ್ತಿಗೆ ಶರ್ಟಿನ ಕಾಲರನ್ನು ನೇವರಿಸಿದರು. ಆಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರು.

"ನಿನ್ನ ಹತ್ರ ಮುಚ್ಚಿಡೋದೇನಿದೆ. ಅವರ ಕೈಗೆ ಶಕ್ತಿ ಹೋಗಿತ್ತು ಕಣೇ. ಹದಿನಾಲ್ಕು ತಿಂಗಳಾಯ್ತು. ಬೆರಳಿಗೆ ಬಿಸಿ, ತಣ್ಣಗೆ ಏನೂ ಗೊತ್ತಾಗ್ತಿರಲಿಲ್ಲ. ಈ ಗುಂಡಿಗಳನ್ನೆಲ್ಲ ದಿನಾ ನಾನೇ ಹಾಕ್ತಿದ್ದೆ. ಡಾಕ್ಟರು ನರದ ತೊಂದರೆ, ವಾಸಿಯಾಗಲ್ಲ ಅಂದ್ರು. ಕ್ಲಬ್ಬಿನೋರಿಗೆ ಹೇಳಿಬಿಡಿ, ಸಾಕು ಮಾಡಿ ಅಂತ ಎಷ್ಟು ಸಲ ಹೇಳಿದೆ! ಶುಕ್ರವಾರ ಇಲ್ದಿದ್ರೆ ವಾರ ಯಾಕೆ ಬೇಕು ಅಂತಿದ್ರು."

ಅಕ್ಕ ಮೇಜಿನ ಮೇಲಿದ್ದ ಶರ್ಟೊಂದರ ಗುಂಡಿಗಳನ್ನು ಒಂದೊಂದಾಗಿ ಹಾಕತೊಡಗಿದಳು.

"ಒಂದು ಕುರ್ಚಿ ತಾನೆ. ಮೂವತ್ತು ವರ್ಷದಲ್ಲಿ ಒಂದು. ಭಾನುವಾರ ಆ ಮಾತು ಎತ್ತಬೇಡ," ಎಂದು ಅತ್ತಿಗೆ ಅವಳ ಕೈ ಹಿಡಿದುಕೊಂಡರು. "ಅವರು ಆಸ್ತಿ ಮಾಡ್ಲಿಲ್ಲ, ಅಧಿಕಾರ ಮಾಡ್ಲಿಲ್ಲ. ಇರೋದು ಒಂದು ಹೆಸರು. ಅದಾದ್ರೂ ಉಳೀಲಿ."

"ಆಯ್ತು ಅತ್ತಿಗೆ," ಎಂದಳು ಅಕ್ಕ. ಆ ಕ್ಷಣಕ್ಕೆ ಬೇರೇನು ಹೇಳಬಹುದಿತ್ತೋ ನನಗೂ ಗೊತ್ತಿಲ್ಲ.

ರಿಜಿಸ್ಟರಿನ ಪ್ರಕಾರ ಹದಿನಾಲ್ಕು ತಿಂಗಳಲ್ಲಿ ಹೊರಗೆ ಹೋದ ಕುರ್ಚಿಗಳು ನಲವತ್ತಮೂರು. ಯಾರಿಗೂ ತಿಳಿಯದಂತೆ ತಾನೇ ಎಲ್ಲವನ್ನೂ ಬಿಗಿ ಮಾಡಿ ಮುಗಿಸಿಬಿಡೋಣ, ಅಣ್ಣನ ಹೆಸರೂ ಉಳಿಯುತ್ತದೆ, ತನ್ನದೂ ಉಳಿಯುತ್ತದೆ ಎಂದು ಅವಳು ಲೆಕ್ಕ ಹಾಕಿದಳು. ತನ್ನದೂ ಎಂಬುದನ್ನು ಮನಸ್ಸಿನಲ್ಲಿ ಕೊಂಚ ಮೆಲ್ಲಗೆ ಹೇಳಿಕೊಂಡಳು. ಅಂಗಡಿಯ ಬಾಗಿಲೆಳೆದು, ಸಮವಸ್ತ್ರದ ತಾಯಂದಿರಿಂದ ಬಾಯಿಗೆ ಬಂದಂತೆ ಬೈಸಿಕೊಂಡು, ಚೀಲದಲ್ಲಿ ಸ್ಪ್ಯಾನರ್ ಹಾಕಿಕೊಂಡು ಹೊರಟಳು.

ಎರಡೂವರೆ ದಿನ ಸುತ್ತಿದಳು. ಕಾಲಿಂಗ್ ಬೆಲ್ ಒತ್ತುವುದು, "ಸುಮ್ನೆ ಎಣ್ಣೆ ಹಾಕಿ ಹೋಗೋಣ ಅಂತ ಬಂದೆ" ಎನ್ನುವುದು, ಬಗ್ಗಿ ನಟ್ಟು ತಿರುಗಿಸುವುದು. ಹೆಂಚಿನ ಮನೆ, ಮೂರನೆಯ ಮಹಡಿಯ ಮನೆ, ಒಂದೇ ಕೋಣೆಯಲ್ಲಿ ಐದು ಜನರ ಸಂಸಾರ. ಹೋದಲ್ಲೆಲ್ಲ ಗಾಲಿಯಣ್ಣನ ಗುಣಗಾನ. "ದೇವರಂಥ ಮನುಷ್ಯ. ಅವರು ಮುಟ್ಟಿದ ಕುರ್ಚಿ ಅಂದ್ಮೇಲೆ ಮಗುವನ್ನ ಕೂರಿಸಿ ನಾನು ಧೈರ್ಯವಾಗಿ ಅಡುಗೆ ಮಾಡ್ಕೋತೀನಿ" ಎಂದಳು ಒಬ್ಬ ತಾಯಿ. ಆ ಕುರ್ಚಿಯ ಎರಡೂ ಮುಂದಿನ ಗಾಲಿಗಳು ಇವತ್ತೋ ನಾಳೆಯೋ ಎಂಬಂತಿದ್ದವು. ಹೊಗಳಿಕೆ ಹೆಚ್ಚಿದಷ್ಟೂ ಅಕ್ಕ ಇನ್ನಷ್ಟು ಬಗ್ಗಿ ಸ್ಪ್ಯಾನರ್ ತಿರುಗಿಸುತ್ತಿದ್ದಳು. ಇಷ್ಟು ಜನ ಇಷ್ಟು ಕಣ್ಣುಮುಚ್ಚಿ ನಂಬಿದ್ದರಲ್ಲ ಎಂದು ಅವರ ಮೇಲೇ ಸಿಟ್ಟು ಬಂತು, ಮರುಕ್ಷಣ ತನ್ನ ಮೇಲೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಇಪ್ಪತ್ನಾಲ್ಕು ಕುರ್ಚಿ ಸಿಕ್ಕಿದ್ದವು. ಹದಿನೆಂಟು ಸಡಿಲ. ಉಳಿದ ಹತ್ತೊಂಬತ್ತು ಕೈ ಬದಲಾಗಿದ್ದವು. ಗಾಲಿಯಣ್ಣ ಹೇಳಿಕೊಟ್ಟಂತೆಯೇ ಜನ ಕುರ್ಚಿಯನ್ನು ಪಕ್ಕದವರಿಗೆ, ಪಕ್ಕದವರು ತಮ್ಮ ನೆಂಟರಿಗೆ, ನೆಂಟರು ಇನ್ಯಾರಿಗೋ ಕೊಟ್ಟಿದ್ದರು. ಸ್ಪ್ಯಾನರ್ ಹಿಡಿದು ಮನೆಮನೆ ತಿರುಗಿದರೆ ಅವು ಸಿಗುವಂಥವಲ್ಲ. ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದರೆ ಮಾತ್ರ ಸಿಕ್ಕಾವು.

ಅವಳು ಅಧ್ಯಕ್ಷರ ಔಷಧಿ ಅಂಗಡಿಗೆ ಹೋಗಿ ಸಡಿಲ ನಟ್ಟುಗಳ ವಿಷಯ ಹೇಳಿದಳು. ಅವರು ಗಂಟಲು ಸರಿಮಾಡಿಕೊಳ್ಳಲಿಲ್ಲ, ಅಷ್ಟರಮಟ್ಟಿಗೆ ಹೆದರಿದ್ದರು.

"ನಾಳೆ ಸಭೆಗೆ ಹೊರಗಿನೋರೆಲ್ಲ ಬರ್ತಾರೆ. ಅದು ಮುಗೀಲಿ. ಮುಂದಿನ ತಿಂಗಳು ಕಾರ್ಯಕಾರಿ ಸಮಿತಿ ಮುಂದೆ ಇಡೋಣ."

"ಮುಂದಿನ ತಿಂಗಳೊಳಗೆ ಯಾರಾದ್ರೂ ಬಿದ್ರೆ ಸಾರ್?"

ಅವರು ಅವಳು ತಂದಿದ್ದ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. "ಪರೀಕ್ಷಿಸಿದವರು ಅಂತ ನಿಮ್ಮ ಸಹೀನೇ ಇದೆಯಲ್ಲಮ್ಮಾ. ಇದು ಹೊರಗೆ ಬಂದ್ರೆ ನಿಮಗೂ ಒಳ್ಳೇದಲ್ಲ. ಯೋಚನೆ ಮಾಡಿ." ಬೆದರಿಸುವ ದನಿಯಲ್ಲ, ಕೆಮ್ಮಿನ ಔಷಧಿಯ ಪ್ರಮಾಣ ಹೇಳುವಂತೆ ಹೇಳಿದರು. ಅದಕ್ಕೇ ಅವಳಿಗೆ ಹೆಚ್ಚು ತಟ್ಟಿತು.

ಭಾನುವಾರ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಗಾಲಿಯಣ್ಣನ ದೊಡ್ಡ ಫೋಟೋ. ಫೋಟೋ ತೆಗೆಸಿಕೊಳ್ಳದ ಮನುಷ್ಯನ ಫೋಟೋ ಎಲ್ಲಿಂದ ತಂದರೋ, ಡಿಪೋದ ಗುರುತಿನ ಚೀಟಿಯದಿರಬೇಕು, ಯಾರೋ ಗದರಿದಂತೆ ಮುಖ ಮಾಡಿಕೊಂಡಿದ್ದರು. ಮೊದಲ ಸಾಲಿನಲ್ಲಿ ಅತ್ತಿಗೆ. ಪಕ್ಕದಲ್ಲಿ, ದಾರಿ ಬಿಟ್ಟ ಜಾಗದಲ್ಲಿ, ಗಾಲಿಕುರ್ಚಿಯಲ್ಲೇ ಬಂದವರು ಏಳೆಂಟು ಜನ. ಅವರಲ್ಲಿ ಮೂವರ ಕುರ್ಚಿಗಳನ್ನು ಅಕ್ಕ ಈ ಮೂರು ದಿನದಲ್ಲಿ ಕಂಡಿರಲಿಲ್ಲ.

ಅವಳ ಸರದಿ ಬಂತು. ಮಡಚಿದ ಕಾಗದ ಕೈಯಲ್ಲಿತ್ತು. ಮೈಕು ಎತ್ತರಕ್ಕಿತ್ತು, ಯಾರೂ ಇಳಿಸಿಕೊಡಲಿಲ್ಲ, ಕತ್ತೆತ್ತಿಯೇ ಮಾತಾಡಿದಳು.

"ಅಣ್ಣನ ಬಗ್ಗೆ ಒಳ್ಳೆ ಮಾತು ಬರ್ಕೊಂಡು ಬಂದಿದ್ದೀನಿ. ಅದನ್ನ ಆಮೇಲೆ ಓದ್ತೀನಿ. ಅದಕ್ಕೂ ಮುಂಚೆ ಒಂದು ವಿಷಯ ಇದೆ. ಹದಿನಾಲ್ಕು ತಿಂಗಳಿಂದ ಈಚೆಗೆ ನಮ್ಮ ಕೋಣೆಯಿಂದ ಹೋದ ಕುರ್ಚಿಗಳಲ್ಲಿ ಮುಂದಿನ ಗಾಲಿಯ ನಟ್ಟು ಸಡಿಲ ಇದೆ. ಒಬ್ರು ಬಿದ್ದು ಕೈ ಮುರ್ಕೊಂಡಿದ್ದಾರೆ. ನಾನು ನೋಡಿ ಬಿಗಿ ಮಾಡೋವರೆಗೆ ಯಾರೂ ಅದರಲ್ಲಿ ಕೂರಬೇಡಿ. ಹತ್ತೊಂಬತ್ತು ಕುರ್ಚಿ ಎಲ್ಲಿವೆ ಅಂತ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ರೆ ಹೇಳಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಅಧ್ಯಕ್ಷರು ಎದ್ದು ನಿಂತು, ಕೂತು, ಮತ್ತೆ ಎದ್ದರು. ಅಕ್ಕ ಮಾತು ಮುಂದುವರಿಸಿದಳು.

"ವಯಸ್ಸಾದ ಮೇಲೆ ಯಾರ ಕೈಯಾದ್ರೂ ತಪ್ಪುತ್ತೆ. ಅದು ಅಣ್ಣಂಗೆ ಗೊತ್ತಿತ್ತು. ಅದಕ್ಕೇ ಎರಡನೇ ಸಹಿ ಅಂತ ಇಟ್ಟಿದ್ರು. ಆ ಸಹಿ ನಂದು. ನಾನು ನೋಡದೆ ಹಾಕಿದ್ದೀನಿ. ಎರಡು ವರ್ಷದಿಂದ ಒಂದು ಕುರ್ಚಿನೂ ನೋಡಿಲ್ಲ."

"ಸತ್ತೋರ ಮೇಲೆ ಹಾಕೋಕೆ ನಾಚಿಕೆ ಆಗಲ್ವಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಅವಳು ಹೇಳಿದ್ದು ಅದಲ್ಲವೆಂದು ಯಾರೂ ಅವರಿಗೆ ತಿಳಿಸಿಹೇಳಲು ಹೋಗಲಿಲ್ಲ. ಅತ್ತಿಗೆ ಎದ್ದರು. ಅವಳ ಮುಖವನ್ನು ಒಂದು ಸಲ ನೋಡಿ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದರು. ಕೈಯಲ್ಲಿದ್ದ ಕಾಗದವನ್ನು ಅಕ್ಕ ಓದಲೇ ಇಲ್ಲ.

ಫಲಕ ಕಾಗದ ಸುತ್ತಿದ ಹಾಗೆಯೇ ಕ್ಲಬ್ಬಿನ ಬೀರುವಿಗೆ ಹೋಯಿತು. ಅಧ್ಯಕ್ಷರು ಅವಳೊಡನೆ ಮಾತು ಬಿಟ್ಟರು. ಆದರೆ ರೇಡಿಯೋದಲ್ಲಿ ಪ್ರಕಟಣೆ ಕೊಡಿಸಿದವರೂ ಅವರೇ, ಅದನ್ನೂ ಹೇಳಬೇಕು. ಸಮವಸ್ತ್ರದ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ಬೇರೆ ದರ್ಜಿಯನ್ನು ಹಿಡಿದರು. ಕುರ್ಚಿಗಳು ಮಾತ್ರ ಬರತೊಡಗಿದವು, ಆಟೋದಲ್ಲಿ, ತಲೆಯ ಮೇಲೆ, ಒಂದು ಸಲ ತರಕಾರಿ ಗಾಡಿಯ ಮೇಲೆ. ಐದು ವಾರದಲ್ಲಿ ಹದಿನೇಳು ಬಂದವು. ಎರಡು ಸಿಗಲಿಲ್ಲ. ಅವು ಎಲ್ಲಿ ಉರುಳುತ್ತಿವೆ, ಯಾರನ್ನು ಹೊತ್ತು ಉರುಳುತ್ತಿವೆ ಎಂದು ಅವಳಿಗೆ ಮೆಷಿನ್ ತುಳಿಯುವಾಗ, ಅನ್ನ ಕಲೆಸುವಾಗ, ಬೀದಿ ದಾಟುವಾಗ ಯೋಚನೆಯಾಗುತ್ತಿತ್ತು.

ಆರನೆಯ ಶನಿವಾರ ಬೆಳಿಗ್ಗೆ ಅವಳು ಗಾಲಿಕೋಣೆಯಲ್ಲಿ ಒಬ್ಬಳೇ ಇದ್ದಾಗ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಅವಳು ಗಡಬಡಿಸಿ ಎದ್ದು, ಕೂರಲು ಸ್ಟೂಲು ಎಳೆದಳು. ಅತ್ತಿಗೆ ಕೂರಲಿಲ್ಲ.

"ಒಂದು ಮಾತು ಕೇಳೋಕೆ ಬಂದೆ. ಅವತ್ತು ನೋಡದೆ ಸಹಿ ಹಾಕಿದೆ ಅಂದ್ಯಲ್ಲ, ಅದು ಅವರನ್ನ ಉಳಿಸೋಕೆ ಹೇಳಿದ ಸುಳ್ಳಾ, ನಿಜಾನಾ?"

"ನಿಜ ಅತ್ತಿಗೆ."

"ಒಂದನ್ನೂ ನೋಡ್ಲಿಲ್ವಾ?"

"ಇಲ್ಲ. ಅಣ್ಣನ ಕೆಲಸ ಅಂತ..."

ಅತ್ತಿಗೆ ಗೋಡೆಗೆ ಒರಗಿದರು. ಸಿಟ್ಟು ಇದ್ದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ಆ ಮುಖದಲ್ಲಿ ಇದ್ದದ್ದು ಬರೀ ಸುಸ್ತು.

"ಮೊದಮೊದಲು ಶುಕ್ರವಾರ ಬಂದ್ರೆ ಊಟಾನೇ ಮಾಡ್ತಿರಲಿಲ್ಲ ಅವರು. ನಟ್ಟು ಕೂತಿದೆಯೋ ಇಲ್ವೋ ಕೈಗೆ ಗೊತ್ತಾಗ್ತಿಲ್ಲ, ಬಿಟ್ಟುಬಿಡ್ತೀನಿ ಅಂತ ಒದ್ದಾಡೋರು. ಮುಂದಿನ ವಾರ ಹೋಗಿ ನೋಡಿದ್ರೆ ಎಲ್ಲಾ ಚೀಟಿಯಲ್ಲೂ ನಿನ್ನ ಸಹಿ. ಅವಳಿಗೆ ಗೊತ್ತಾಗಿದೆ ಕಣೇ, ಅಂತ ಬಂದು ನನಗೆ ಹೇಳಿದ್ರು. ನಾನು ಸಡಿಲ ಬಿಟ್ಟಿದ್ದನ್ನೆಲ್ಲ ಶನಿವಾರ ಬಂದು ಬಿಗಿ ಮಾಡಿ ಹೋಗ್ತಿದ್ದಾಳೆ, ಒಂದು ಮಾತು ಎತ್ತಿಲ್ಲ, ನನ್ನ ಮಾನ ಕಾಯ್ತಿದ್ದಾಳೆ, ಅಂತ. ಹಾಗೆ ಹೇಳ್ತಾ ಅತ್ತುಬಿಟ್ರು. ಹದಿನಾಲ್ಕು ತಿಂಗಳು ಅದೇ ನಂಬಿಕೆ ಮೇಲೆ ಬಂದ್ರು ಕಣೇ ಇಲ್ಲಿಗೆ. ಇಲ್ದಿದ್ರೆ ಆವತ್ತೇ ನಿಲ್ಲಿಸಿಬಿಡ್ತಿದ್ರು."